ಹಿಡಿಕೆ

ಪಾತ್ರೆ ಅಂಗಡಿಯಲ್ಲಿ ಮಗ್ಗು ಆರಿಸುವವರನ್ನು ನೋಡಿ. ಹಿಡಿಕೆ ಬಲಕ್ಕಿದ್ದರೆ ಬಲಗೈ ತಾನಾಗಿ ಮುಂದೆ ಹೋಗುತ್ತದೆ.

'ಹಿಡಿಕೆ' ಹುಟ್ಟಿದ್ದು 'ಹಿಡಿ' ಧಾತುವಿನಿಂದ. ಹಳಗನ್ನಡದಲ್ಲಿ ಅದು 'ಪಿಡಿ'. ತಮಿಳು, ಮಲಯಾಳಗಳಲ್ಲಿ ಈಗಲೂ ಹಾಗೆಯೇ. 'ಪಾಲ್' ಹಾಲಾದಂತೆ, 'ಪೂ' ಹೂವಾದಂತೆ ನಮ್ಮಲ್ಲಿ ಪಿಡಿಯೂ ಹಿಡಿಯಾಯಿತು. ಹಳೆಯ ರೂಪ ಕಾಣಬೇಕೆ? 'ಕೈಪಿಡಿ'ಯೊಳಗೆ ಸಿಕ್ಕಿಕೊಂಡು ಬದುಕಿದೆ.

'ಹಿಡಿ'ಯ ಸಂಸಾರ ದೊಡ್ಡದು: ಹಿಡಿತ, ಹಿಡಿ ಅಕ್ಕಿ, ಕರಾವಳಿಯ ಹಿಡಿಸೂಡಿ. ನನಗೆ ಹೆಚ್ಚು ಹಿಡಿಸಿದ್ದು 'ಹಿಡಿಸು'. ಕೈಯ ಕೆಲಸವನ್ನು ಮನಸ್ಸಿಗೆ ದಾಟಿಸಿಬಿಟ್ಟ ಪದ ಅದು.

ಹಿಡಿಕೆ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆಯೇ ಎಂದು ಪರೀಕ್ಷಿಸಿದವರೂ ಇದ್ದಾರೆ. 1998ರಲ್ಲಿ ಇಂಗ್ಲೆಂಡಿನ ಮನೋವಿಜ್ಞಾನಿಗಳಾದ ಟಕರ್ ಮತ್ತು ಎಲ್ಲಿಸ್ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರದಲ್ಲಿರುವ ವಸ್ತು ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂದಷ್ಟೇ ಎಡಗೈ ಇಲ್ಲವೇ ಬಲಗೈಯಿಂದ ಗುಂಡಿ ಒತ್ತಿ ಹೇಳಬೇಕು. ಹಿಡಿಕೆಯ ಮಾತೇ ಇಲ್ಲ. ಆದರೂ ಹಿಡಿಕೆ ಯಾವ ಬದಿಗಿತ್ತೋ ಆ ಬದಿಯ ಕೈ ಬೇಗ ಒತ್ತಿತು! ವಸ್ತುವನ್ನು ಕಂಡೊಡನೆ ಕೈ ಹಿಡಿಯಲು ಸಜ್ಜಾಗುತ್ತದೆ ಎಂದು ಅವರ ವಿವರಣೆ. ಅಲ್ಲ, ಒಂದು ಬದಿಗೆ ಚಾಚಿಕೊಂಡ ಭಾಗ ಗಮನವನ್ನು ಆ ಕಡೆಗೆ ಎಳೆದದ್ದಷ್ಟೇ ಎಂದು ಬೇರೆಯವರು ತಕರಾರು ತೆಗೆದರು. ಆ ವಾದ ಇನ್ನೂ ಮುಗಿದಿಲ್ಲ.

ಅಲ್ಲಿಯವರೆಗೆ, ಮನೆಗೆ ಬಂದವರಿಗೆ ಕಾಫಿ ಕೊಡುವಾಗ ಕಪ್ಪಿನ ಹಿಡಿಕೆಯನ್ನು ಅವರ ಬಲಗೈ ಕಡೆಗೆ ತಿರುಗಿಸಿಡಿ.