ಆಗಮನ ಕಾಲ: ಮಕ್ಕಳ ಆಚರಣೆ ಮತ್ತು ಬೋಧನೆ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ, ಕ್ರೈಸ್ತರ ಸಿದ್ಧತೆಯ ಕಾಲ. ಕಥೋಲಿಕ, ಸಿ.ಎಸ್.ಐ. ಮೊದಲಾದ ಸಭೆಗಳಲ್ಲಿ ಆರಾಧನಾ ವರ್ಷ ಶುರುವಾಗುವುದು ಇಲ್ಲಿಂದ. ಬೆತ್ಲೆಹೇಮಿನಲ್ಲಿ ಹುಟ್ಟಿದ ಯೇಸುವಿನ ನೆನಪು, ಅವರು ಮತ್ತೆ ಬರುತ್ತಾರೆಂಬ ನಂಬಿಕೆ, ಎರಡೂ ಈ ಕಾಲದಲ್ಲಿ ಸೇರಿವೆ. ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ತಲುಪುವುದು ಮೊದಲನೆಯದು ಮಾತ್ರ. ಅದೂ ಪಾಠದ ಮೂಲಕ ಕಡಿಮೆ, ಕೈಕೆಲಸದ ಮೂಲಕ ಹೆಚ್ಚು.

ದಿನಗಳ ಲೆಕ್ಕ

ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರವೇ ಮೊದಲ ದಿನ. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವುದರಿಂದ ಕಾಲದ ಉದ್ದ 22ರಿಂದ 28 ದಿನ. 2023ರಲ್ಲಿ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬಿದ್ದು, ಬೆಳಿಗ್ಗೆ ಆಗಮನ ಕಾಲದ ಪೂಜೆ, ರಾತ್ರಿ ಕ್ರಿಸ್ಮಸ್ ಪೂಜೆ ಎಂಬಂತಾಯಿತು. ಅಂಗಡಿಯಲ್ಲಿ ಸಿಗುವ 24 ಕಿಟಕಿಗಳ ಕ್ಯಾಲೆಂಡರ್ ಈ ಏರಿಳಿತವನ್ನು ಲೆಕ್ಕಿಸದು. 20ನೇ ಶತಮಾನದ ಆರಂಭದಲ್ಲಿ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಅಚ್ಚು ಹಾಕಿಸಿ ಜನಪ್ರಿಯಗೊಳಿಸಿದ ಅದು ಡಿಸೆಂಬರ್ 1ರಿಂದಲೇ ಎಣಿಸುತ್ತದೆ. ಎರಡು ಲೆಕ್ಕಗಳೂ 2024ರಲ್ಲಿ ತಾಳೆಯಾದವು. ಮತ್ತೆ ತಾಳೆಯಾಗುವುದು 2030ರಲ್ಲಿ. ಕಿಟಕಿಯೊಳಗೆ ಚಾಕಲೇಟು ಇದ್ದರೆ ಯಾವ ಮಗುವೂ ಈ ತಕರಾರು ತೆಗೆಯುವುದಿಲ್ಲ.

ಬಂಡಿಚಕ್ರದ ದೀಪಗಳು

ನಾಲ್ಕು ಮೇಣದಬತ್ತಿಗಳ ಹಸಿರು ಮಾಲೆ ಇಂದು ಬಹಳ ಪುರಾತನವಾದದ್ದೆಂಬಂತೆ ಕಾಣುತ್ತದೆ. ಅದರ ಈ ರೂಪದ ವಯಸ್ಸು ಎರಡು ಶತಮಾನವೂ ಅಲ್ಲ. ಹ್ಯಾಂಬರ್ಗಿನ ಪಾದ್ರಿ ಯೋಹಾನ್ ಹಿನ್ರಿಷ್ ವಿಷರ್ನ್ 1833ರಲ್ಲಿ ಬಡ ಮಕ್ಕಳಿಗಾಗಿ ‘ರೌಹೆಸ್ ಹೌಸ್’ ಎಂಬ ಆಶ್ರಯಧಾಮ ತೆರೆದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ಮಕ್ಕಳು ಪ್ರತಿದಿನ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಹಳೆಯ ಬಂಡಿಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ನಿಲ್ಲಿಸಿ, ದಿನಕ್ಕೊಂದನ್ನು ಹೊತ್ತಿಸಿದರು. ಆ ವರ್ಷ ಮೊದಲ ಭಾನುವಾರ ಡಿಸೆಂಬರ್ 1. ಆದ್ದರಿಂದ ನಾಲ್ಕು ದೊಡ್ಡವು, ಇಪ್ಪತ್ತು ಸಣ್ಣವು. ಅತಿ ಚಿಕ್ಕ ವರ್ಷಕ್ಕೆ ಸಣ್ಣವು ಹದಿನೆಂಟು ಸಾಕು, ಅತಿ ದೊಡ್ಡದಕ್ಕೆ ಇಪ್ಪತ್ತನಾಲ್ಕು ಬೇಕು. ಎಣಿಕೆ ಬಾರದ ಮಗುವಿಗೂ ಕಾಣುವ ಲೆಕ್ಕ ಇದು. ಮನೆಗಳಿಗೆ ಇಳಿಯುವಾಗ ಸಣ್ಣ ಬತ್ತಿಗಳು ಉದುರಿಹೋಗಿ ನಾಲ್ಕೇ ಉಳಿದವು. ಮಕ್ಕಳ ದೃಷ್ಟಿಯಿಂದ ಇದು ನಷ್ಟವೇ ಸರಿ. ಕಥೋಲಿಕ ಚರ್ಚಿನಲ್ಲಿ ಮಾಲೆ ಮೊದಲು ಕಾಣಿಸಿದ್ದು 1925ರಲ್ಲಿ, ಕಲೋನ್ ನಗರದಲ್ಲಿ ಎನ್ನುತ್ತಾರೆ.

ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಂದರೆ ವಿಷರ್ನ್‌ರ ಚಕ್ರಕ್ಕಿಂತ ಐದು ವರ್ಷ ಮೊದಲು. ಜರ್ಮನಿಯ ಈ ಪದ್ಧತಿಯನ್ನು ಆ ತಲೆಮಾರು ತನ್ನ ಜೊತೆ ತಂದಿರಲಾರದು. ಕರ್ನಾಟಕದ ಮಾಲೆಯನ್ನು ಮಿಷನ್ ಕಾಲದ ಬಳುವಳಿ ಎನ್ನುವ ಮುನ್ನ ಎಚ್ಚರ ಬೇಕು.

ಮಾಲೆಯ ದೀಪಗಳಿಗೆ ಇನ್ನೊಂದು ದಾರಿ ಬೆಂಗಳೂರಿನಲ್ಲೇ ತೆರೆಯಿತು. 1967ರಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಎನ್‌.ಬಿ.ಸಿ.ಎಲ್‌.ಸಿ. ಎಂಬ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರ ಸ್ಥಾಪನೆಯಾಯಿತು. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಭಾರತೀಯ ಮಾರ್ಪಾಡುಗಳಲ್ಲಿ ಆರತಿಯೂ ಇತ್ತು, ಮೇಣದಬತ್ತಿಯ ಬದಲು ಎಣ್ಣೆದೀಪವೂ ಇತ್ತು. ಆ ಅನುಮತಿ ಪೂಜೆಗೆ ಸಂಬಂಧಿಸಿದ್ದು, ಮನೆಯ ಆಚರಣೆಗಲ್ಲ. ಆದರೂ ಸರ್ವೆ ಟೊಂಗೆಯ ನಡುವೆ ನಾಲ್ಕು ಹಣತೆ ಇಡುವ ಮನೆಗೆ ಅದೊಂದು ಆಧಾರ.

ಗೋದಲಿ ಮತ್ತು ಪೈರು

1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಅಸ್ಸಿಸಿಯ ಫ್ರಾನ್ಸಿಸರು ಏರ್ಪಡಿಸಿದ ಯೇಸುಜನನದ ದೃಶ್ಯದಿಂದ ಗೋದಲಿಯ ಪದ್ಧತಿ ಹರಡಿತು. ಕರ್ನಾಟಕದಲ್ಲಿ ಮಕ್ಕಳ ಮುಖ್ಯ ಕೆಲಸ ಹುಲ್ಲು ಬೆಳೆಸುವುದು. ಡಿಸೆಂಬರ್ ಎರಡನೇ ವಾರ ತಟ್ಟೆಯಲ್ಲೋ ತೆಂಗಿನ ಚಿಪ್ಪಿನಲ್ಲೋ ಮಣ್ಣು ತುಂಬಿ ರಾಗಿಯನ್ನೋ ಗೋಧಿಯನ್ನೋ ಬಿತ್ತಿದರೆ ಹಬ್ಬದ ಹೊತ್ತಿಗೆ ಕುರಿಗಳು ನಿಲ್ಲುವ ಹಸಿರು ಸಿದ್ಧ. ಬೇಗ ಬಿತ್ತಿದರೆ ಬಾಗಿ ಹಳದಿಯಾಗುತ್ತದೆ, ತಡವಾದರೆ ಮೊಳಕೆಯಷ್ಟೇ. ಬಾಲಯೇಸುವಿನ ಬೊಂಬೆ 24ರ ರಾತ್ರಿಯವರೆಗೂ ಡಬ್ಬಿಯಲ್ಲೇ ಇರಬೇಕೆಂಬುದು ಹಲವು ಮನೆಗಳ ಕಟ್ಟುನಿಟ್ಟು. ಒಂದು ಒಳ್ಳೆಯ ಕೆಲಸಕ್ಕೆ ಒಂದು ಹುಲ್ಲೆಳೆಯಂತೆ ಖಾಲಿ ಗೋದಲಿ ತುಂಬಿಸುವ ರೂಢಿಯೂ ಉಂಟು. ಅಕ್ಕತಂಗಿಯರ ನಡುವೆ ಅದು ಬೇಗನೆ ಪೈಪೋಟಿಗೆ ತಿರುಗುತ್ತದೆ.

ಅಡುಗೆಮನೆಯಲ್ಲಿ ಕಲ್‌ಕಲ್ ಹಿಟ್ಟನ್ನು ಫೋರ್ಕಿನ ಬೆನ್ನ ಮೇಲೆ ಸುರುಳಿ ಸುತ್ತುವುದು ಮಕ್ಕಳ ಪಾಲು. ಕರಾವಳಿಯ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳಿಗೆ ಇದೇ ತಯಾರಿ.

ಹನುಮಂತನಗರದ ಸುತ್ತ

ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಸ್ಥಾನಗಳಿಂದ ಗುರುತಾದ ಬೆಂಗಳೂರಿನ ಈ ಬಡಾವಣೆಯಲ್ಲಿ ಕ್ರೈಸ್ತ ಮಗುವಿನ ಡಿಸೆಂಬರ್ ಒಂಟಿಯಾಗಿ ಬರುವುದಿಲ್ಲ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಪಕ್ಕದ ಬಸವನಗುಡಿಯಲ್ಲೇ. 2023ರಲ್ಲಿ ಅದು ಡಿಸೆಂಬರ್ 11ಕ್ಕೆ, ಆಗಮನ ಕಾಲದ ಎರಡನೆಯ ಭಾನುವಾರದ ಮರುದಿನ ಬಂತು. ಹಿಂದೆಯೇ ಮಾರ್ಗಶಿರದ ಹನುಮದ್ವ್ರತ, ಧನುರ್ಮಾಸದ ಬೆಳಗಿನ ಪೂಜೆ. ‘ನಮ್ಮ ಹಬ್ಬ ಯಾವಾಗ?’ ಎಂಬ ಪ್ರಶ್ನೆ ಮಗುವಿನ ಬಾಯಿಂದ ತಾನಾಗಿ ಬರುವ ಸನ್ನಿವೇಶ ಇದು. ನಗರದಲ್ಲಿ ಕನ್ನಡ ಆರಾಧನೆಗೆ ಹೆಸರಾದದ್ದು ವೆಸ್ಲಿಯನ್ ಮಿಷನರಿಯ ನೆನಪಿನ, 1904ರ ಹಡ್ಸನ್ ಸ್ಮಾರಕ ಚರ್ಚ್. ಬಿ.ಟಿ.ಎಂ. ಬಡಾವಣೆಯ ಕಡೆ ಮಲಯಾಳಿ ಸಿರೋ-ಮಲಬಾರ್ ಕುಟುಂಬಗಳಿವೆ. ಅವರ ಇಪ್ಪತ್ತೈದು ದಿನಗಳ ನೋಂಬು ಎಂಬ ಉಪವಾಸ ಡಿಸೆಂಬರ್ 1ಕ್ಕೆ ಶುರುವಾಗುತ್ತದೆ.

ಬೋಧನೆ

ಕತೆಯ ಮೂಲ ಲೂಕನ ಸುವಾರ್ತೆಯ ಮೊದಲ ಅಧ್ಯಾಯ: ಮಾತು ಕಳೆದುಕೊಂಡ ಜಕರೀಯ, ಮುಪ್ಪಿನಲ್ಲಿ ಬಸುರಾದ ಎಲಿಸಬೇತ್, ದೂತನಿಗೆ ಒಪ್ಪಿಗೆ ಕೊಟ್ಟ ಮರಿಯ. ಸಂಡೇ ಸ್ಕೂಲಿನ ನಾಟಕಗಳು ಜಕರೀಯನನ್ನು ಹಾರಿಸಿ ನೇರ ಕುರುಬರ ಬಳಿ ಹೋಗುತ್ತವೆ. ಮೂಕನ ಪಾತ್ರಕ್ಕೆ ಮಾತೇ ಇಲ್ಲವಲ್ಲ. ಕಾಯುವುದನ್ನು ಹೇಳಿಕೊಡಲು ಅದಕ್ಕಿಂತ ತಕ್ಕ ಪಾತ್ರವೂ ಇಲ್ಲ.

1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲೆತ್ತಿ ಮತ್ತು ಜಾನ್ನಾ ಗೊಬ್ಬಿ ಆರಂಭಿಸಿದ ಮಾಂಟೆಸೊರಿ ಮಾದರಿಯ ಧರ್ಮೋಪದೇಶ, ಮೂರರಿಂದ ಆರು ವರ್ಷದವರಿಗೂ ಯೆಶಾಯನ ಪ್ರವಾದನೆಗಳನ್ನು ಒಂದೊಂದಾಗಿ, ವಿವರಣೆ ತುಂಬದೆ ಕೊಡುತ್ತದೆ. ಕಥೋಲಿಕ ಪೂಜೆಯಲ್ಲಿ ನೇರಳೆ ವಸ್ತ್ರ, ಮೂರನೆಯ ಭಾನುವಾರಕ್ಕೆ ಗುಲಾಬಿ, ಭಾನುವಾರಗಳಲ್ಲಿ ಮಹಿಮಾಗೀತೆಗೆ ವಿರಾಮ: ಕಣ್ಣು ಕಿವಿಗಳಿಗೆ ತಾಕುವ ಈ ಬದಲಾವಣೆಗಳನ್ನು ಮಕ್ಕಳು ದೊಡ್ಡವರಿಗಿಂತ ಮೊದಲು ಗುರುತಿಸುತ್ತಾರೆ. ಇದೇ ವಾರಗಳಲ್ಲಿ ಮನೆಬಾಗಿಲಿಗೆ ಕ್ರಿಸ್ಮಸ್ ತಾತನೊಂದಿಗೆ ಕ್ಯಾರಲ್ ತಂಡ ಬಂದು ಹುಟ್ಟುಹಬ್ಬದ ಹಾಡನ್ನೇ ಹಾಡಿಬಿಡುವುದರಿಂದ ವಿರಾಮದ ಅರ್ಥ ಅರ್ಧ ಕರಗುತ್ತದೆ. ಮೊದಲ ಭಾನುವಾರದ ಪಾಠವಂತೂ ಕ್ರಿಸ್ತರ ಮರುಬರವನ್ನು ಕುರಿತದ್ದು, ತೊಟ್ಟಿಲ ಸುದ್ದಿಯೇ ಇಲ್ಲದ್ದು. ಚಿಕ್ಕ ಮಕ್ಕಳ ತರಗತಿಗಳಲ್ಲಿ ಅದನ್ನು ಸಾಮಾನ್ಯವಾಗಿ ಬಿಟ್ಟು, ಎರಡನೆಯ ಭಾನುವಾರದ ಸ್ನಾನಿಕ ಯೊವಾನ್ನನಿಂದ ಆರಂಭಿಸುತ್ತಾರೆ.