ಅಜ್ಜಿಯ ಕೈಗೆ ಬಲ: ಏಆರ್‌ಟಿ ಕೇಂದ್ರ ಮತ್ತು ತಬ್ಬಲಿ ಮಕ್ಕಳ ಎರಡು ದಶಕ

2004ರ ಏಪ್ರಿಲ್ 1ರಂದು ದೇಶದ 8 ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಸೋಂಕಿತರಿಗೆ ವೈರಸ್ಸನ್ನು ಹತ್ತಿಕ್ಕುವ ಏಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುವ ಕೆಲಸ ಆರಂಭವಾಯಿತು. ಕರ್ನಾಟಕಕ್ಕೆ ಸಿಕ್ಕಿದ ಮೊದಲ ಕೇಂದ್ರ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿತ್ತು. ಶಿವಮೊಗ್ಗ, ಭದ್ರಾವತಿಯ ರೋಗಿಗೆ ಅದು ರಾತ್ರಿ ಬಸ್ಸಿನ ದಾರಿ. ಮುಂದೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ವಿಸ್ತಾರವಾದಂತೆ ಮಾತ್ರೆ ಜಿಲ್ಲೆ ಜಿಲ್ಲೆಗೂ ಬಂತು. ನಮ್ಮಲ್ಲಿ ಅದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂತು. ಉಚಿತ ಚಿಕಿತ್ಸೆ ಎರಡು ದಶಕ ದಾಟಿದ ನೆನಪಿಗೆ ಹೊರಬರುತ್ತಿರುವ ಈ ಸಂಚಿಕೆಯಲ್ಲಿ ಏಆರ್‌ಟಿ ಕೇಂದ್ರವೆಂಬ ಸಂಸ್ಥೆಯ ಇತಿಹಾಸವನ್ನು ಮಕ್ಕಳ ಕಡೆಯಿಂದ ಹೇಳಬೇಕೆನಿಸಿದೆ. ಏಡ್ಸ್ ತಂದೆ ತಾಯಿಯನ್ನು ಕಿತ್ತುಕೊಂಡ ಮಕ್ಕಳಿಗೆ ಈ ಕೇಂದ್ರ, ಅದರ ಸುತ್ತ ನೆರೆದ ದಾನಿಗಳು ಮತ್ತು ಕಾರ್ಯಕರ್ತರು ಏನಾದರು ಎಂಬುದೇ ಇಲ್ಲಿನ ವಿಷಯ.

ಡರ್ಬನ್‌ನಿಂದ ಬಂದ ದಾರಿ

ಈ ಕಥೆ ಆರಂಭವಾಗುವುದು ಆಫ್ರಿಕಾದಲ್ಲಿ. ಸಹಾರಾದ ದಕ್ಷಿಣಕ್ಕಿರುವ ದೇಶಗಳಲ್ಲಿ ಏಡ್ಸ್‌ನಿಂದ ತಾಯಿಯನ್ನೋ ತಂದೆಯನ್ನೋ ಇಬ್ಬರನ್ನೋ ಕಳೆದುಕೊಂಡ ಮಕ್ಕಳು ಒಂದು ಕೋಟಿಗೂ ಹೆಚ್ಚು. ದಕ್ಷಿಣ ಆಫ್ರಿಕಾದ ಎನ್‌ಕೋಸಿ ಜಾನ್ಸನ್ ಹುಟ್ಟುವಾಗಲೇ ಸೋಂಕು ಪಡೆದ ಹುಡುಗ. 1997ರಲ್ಲಿ ಜೋಹಾನ್ಸ್‌ಬರ್ಗ್‌ನ ಶಾಲೆಯೊಂದು ಅವನನ್ನು ಸೇರಿಸಿಕೊಳ್ಳಲು ಹಿಂಜರಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. 2000ದ ಜುಲೈಯಲ್ಲಿ ಡರ್ಬನ್‌ನ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ, 11ನೇ ವಯಸ್ಸಿನಲ್ಲಿ, ಅವನು ಸಾವಿರಾರು ಜನರೆದುರು ನಿಂತು ಮಾತಾಡಿದ. ಗರ್ಭಿಣಿಯರಿಗೆ ಔಷಧ ಕೊಡಿ, ನಮ್ಮನ್ನೂ ಮನುಷ್ಯರೆಂದು ಕಾಣಿ ಎಂಬುದೇ ಅವನ ಮಾತಿನ ಸಾರ. ಮರುವರ್ಷ ಜೂನ್ 1ರಂದು ಅವನು ತೀರಿಕೊಂಡ. ಔಷಧ ಆಗಲೇ ಇತ್ತು; ಅದನ್ನು ಕೊಳ್ಳುವ ಶಕ್ತಿ ಬಡವರಿಗೆ ಇರಲಿಲ್ಲ. ಒಬ್ಬ ರೋಗಿಯ ಒಂದು ವರ್ಷದ ಮಾತ್ರೆಗೆ ಆಗ ಹತ್ತು ಸಾವಿರ ಡಾಲರಿಗೂ ಮೇಲೆ ಬೆಲೆ.

ಆ ಬೆಲೆಯನ್ನು ಮುರಿದದ್ದು ಭಾರತ. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಔಷಧವನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಹೇಳಿದರು. ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದ ಭಾರತದ ಉತ್ಪನ್ನ ಆಫ್ರಿಕಾದ ಹಳ್ಳಿಗಳನ್ನು ತಲುಪಿತು. ಭಾರತದಲ್ಲಿ ಉಚಿತ ಚಿಕಿತ್ಸೆ ಸಾಧ್ಯವಾದದ್ದರ ಹಿಂದೆ ಇದೇ ಬೆಲೆ ಇಳಿತವಿದೆ. ಆಫ್ರಿಕಾದ ತಬ್ಬಲಿಗಳಿಗಾಗಿ ನಡೆದ ಹೋರಾಟದ ಫಲ ಭದ್ರಾವತಿಯ ಹಳೇನಗರದ ಮಗುವಿಗೂ ಸಿಕ್ಕಿದ್ದು ಹೀಗೆ.

ಮಾತ್ರೆ ಬರುವ ಮೊದಲು

1990ರ ದಶಕದಲ್ಲಿ ಕರ್ನಾಟಕ ದೇಶದ ಹೆಚ್ಚು ಸೋಂಕಿನ 6 ರಾಜ್ಯಗಳಲ್ಲಿ ಒಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹೊರೆ ಹೆಚ್ಚಿದ್ದರೂ ಮಲೆನಾಡಿನ ಬಾಗಿಲಲ್ಲಿರುವ ನಮ್ಮ ಊರುಗಳೂ ತಪ್ಪಿಸಿಕೊಳ್ಳಲಿಲ್ಲ. ಆಗ ಸರ್ಕಾರದ ಕೈಯಲ್ಲಿದ್ದದ್ದು ಪರೀಕ್ಷೆ ಮತ್ತು ಪ್ರಚಾರ. ರೋಗಿಯ ಆರೈಕೆಗೆ ನಿಂತವರು ಸೇವಾಸಂಸ್ಥೆಗಳು: 1993ರಲ್ಲಿ ಆರಂಭವಾದ ಸಂರಕ್ಷ, ಬೆಂಗಳೂರಿನ ಫ್ರೀಡಂ ಫೌಂಡೇಷನ್, ಕ್ಯಾಮಿಲಿಯನ್ ಪಾದ್ರಿಗಳ ಸ್ನೇಹದಾನ್, 1997ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆಶಾಕಿರಣ ಆಸ್ಪತ್ರೆ. ಬೇರೆಡೆ ಮುಟ್ಟದ ರೋಗಿಗಳನ್ನು ಇವರು ಮುಟ್ಟಿ, ಮೀಯಿಸಿ, ಉಣಿಸಿ ಕಳಿಸಿಕೊಟ್ಟರು. ಆ ದಿನಗಳಲ್ಲಿ ದಾನದ ಬಹುಪಾಲು ಸಾಯುವವರ ಕೊನೆಯ ದಿನಗಳಿಗೇ ಖರ್ಚಾಗುತ್ತಿತ್ತು. ಮೊದಲು ತಂದೆ, ಒಂದೆರಡು ವರ್ಷ ಬಿಟ್ಟು ತಾಯಿ ಹೋಗುತ್ತಿದ್ದರು. ಉಳಿದ ಮಗುವಿಗೂ ಸೋಂಕಿದ್ದರೆ ನೆಂಟರು ಹಿಂದೆ ಸರಿಯುತ್ತಿದ್ದರು.

ಭದ್ರಾವತಿಯಲ್ಲಿ ಈ ತಬ್ಬಲಿತನಕ್ಕೆ ಇನ್ನೊಂದು ಮುಖವಿತ್ತು. 1923ರಲ್ಲಿ ಕಬ್ಬಿಣ ಹೊರಬಂದ ಕಾರ್ಖಾನೆಯನ್ನೂ 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯನ್ನೂ ನಂಬಿ ಬೆಳೆದ ಊರು ಇದು. ಇಲ್ಲಿ ದುಡಿಯುವವನು ಸತ್ತರೆ ಸಂಬಳದ ಜೊತೆ ಕ್ವಾರ್ಟರ್ಸೂ ಹೋಗುತ್ತದೆ. ಗುತ್ತಿಗೆ ಕೆಲಸಗಾರನಾಗಿದ್ದರೆ ಅವನ ಹಿಂದೆ ಉಳಿಯುವುದು ಸಾಲ ಮಾತ್ರ. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ವರ್ಷದಿಂದ ವರ್ಷಕ್ಕೆ ಕೆಲಸಗಾರರನ್ನು ಕಳೆದುಕೊಂಡಿತು, 2015ರಲ್ಲಿ ಕಾಗದ ಕಾರ್ಖಾನೆ ಎಂಪಿಎಂನ ಯಂತ್ರಗಳೂ ನಿಂತವು. ಮಗುವನ್ನು ಸಾಕಬೇಕಿದ್ದ ದೊಡ್ಡಪ್ಪ, ಸೋದರಮಾವನ ಮನೆಯಲ್ಲೂ ಒಲೆ ಸಣ್ಣದಾಗಿತ್ತು. ಕೊನೆಗೆ ಮಗುವಿನ ಕೈ ಹಿಡಿದವಳು ಬಹುಪಾಲು ಅಜ್ಜಿಯೇ, ಅದರಲ್ಲೂ ತಾಯಿಯ ತಾಯಿ.

ಹಸಿರು ಪುಸ್ತಕದ ದಿನಗಳು

2006ರ ನವೆಂಬರ್ 30ರಂದು ಮಕ್ಕಳಿಗಾಗಿಯೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅದಕ್ಕೆ ಮುಂಚೆ ದೊಡ್ಡವರ ಮಾತ್ರೆಯನ್ನು ಮುರಿದು, ಪುಡಿಮಾಡಿ ಅಂದಾಜಿನಲ್ಲಿ ಕೊಡುವ ಪಾಡು. ಪ್ರಮಾಣ ಕಡಿಮೆಯಾದರೆ ವೈರಸ್ ಔಷಧಕ್ಕೆ ಒಗ್ಗಿಬಿಡುತ್ತದೆ, ಹೆಚ್ಚಾದರೆ ಮಗು ಸೊರಗುತ್ತದೆ. ಮಗುವಿನ ತೂಕಕ್ಕೆ ತಕ್ಕ ಮಾತ್ರೆ ಬಂದದ್ದು ದೊಡ್ಡ ಬದಲಾವಣೆ. ತೂಕ ಹೆಚ್ಚಿದಂತೆ ಪ್ರಮಾಣ ಬದಲಾಗಬೇಕು. ಹಾಗಾಗಿ ಏಆರ್‌ಟಿ ಕೇಂದ್ರದಲ್ಲಿ ತಕ್ಕಡಿಗೆ ಸ್ಟೆತಸ್ಕೋಪಿನಷ್ಟೇ ಮರ್ಯಾದೆ.

ಕೇಂದ್ರಕ್ಕೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಹಸಿರು ಪುಸ್ತಕ ಇರುತ್ತದೆ. ಅದರ ವಿವರವೆಲ್ಲ ಆಸ್ಪತ್ರೆಯ ಬಿಳಿ ಕಾರ್ಡಿನಲ್ಲೂ ಇರುತ್ತದೆ. ತೂಕ, ರೋಗನಿರೋಧಕ ಶಕ್ತಿಯನ್ನು ಅಳೆಯುವ ಸಿಡಿ4 ಎಣಿಕೆ, ಕೊಟ್ಟ ಮಾತ್ರೆ, ಮುಂದಿನ ತಾರೀಖು. ಆಪ್ತಸಮಾಲೋಚಕಿಯ ಮೇಜಿನ ಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಮಡಿಸಿಟ್ಟ ಮಾತ್ರೆಗಳನ್ನು ಸುರಿಯುತ್ತಾಳೆ. ಡಬ್ಬಿ ಚೀಲದಲ್ಲಿ ಗಲಗಲ ಅಂದರೆ ಬಸ್ಸಿನವರಿಗೆ ಗೊತ್ತಾದೀತೆಂಬ ಅಂಜಿಕೆಯಿಂದ ಮಾತ್ರೆಗಳನ್ನು ಮೊದಲೇ ಕಾಗದಕ್ಕೆ ಹಾಕಿರುತ್ತಾಳೆ. ಸಮಾಲೋಚಕಿ ಎರಡೆರಡೇ ಸರಿಸಿ ಎಣಿಸುತ್ತಾರೆ. "ಅಜ್ಜಿ, ಆರು ಉಳಿದಿವೆಯಲ್ಲ, ಎರಡೇ ಉಳೀಬೇಕಿತ್ತು?" "ಮದುವೆ ಮನೇಲಿದ್ವಿ ಮೇಡಂ, ಎಲ್ಲರೆದುರು ಹೆಂಗೆ ಕೊಡ್ಲಿ?" ಆ ನಾಲ್ಕು ಮಾತ್ರೆಗಳಲ್ಲಿ ಇಡೀ ಸಮಾಜದ ಭಯ ಇದೆ. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಾತ್ರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋದರೆ ಮಾತ್ರ ವೈರಸ್ ತಣ್ಣಗಿರುತ್ತದೆ. ಅದಕ್ಕೇ ಸಮಾಲೋಚಕಿ ಗದರುವುದಿಲ್ಲ; ಮುಂದಿನ ಮದುವೆಗೆ ಏನು ಮಾಡುವುದೆಂದು ಅಜ್ಜಿಯ ಜೊತೆ ಕೂತು ಯೋಚಿಸುತ್ತಾರೆ.

ಊರಿನಲ್ಲಿ ಯಾರಾದರೂ ಕಂಡಾರು ಎಂದು ಭದ್ರಾವತಿಯವರು ಶಿವಮೊಗ್ಗಕ್ಕೆ, ಶಿವಮೊಗ್ಗದವರು ದಾವಣಗೆರೆಗೆ ಹೋಗಿ ಮಾತ್ರೆ ತರುವುದೂ ಈ ಇತಿಹಾಸದ ಭಾಗವೇ. ಈ ಓಡಾಟಕ್ಕೆ ಬಸ್ ಚಾರ್ಜು ಬೇಕು, ಕೂಲಿ ತಪ್ಪುತ್ತದೆ. ದಾನಿಗಳ ಹಣ ಅತ್ಯಂತ ಸಾರ್ಥಕವಾಗಿ ಖರ್ಚಾದ ಬಾಬತ್ತುಗಳಲ್ಲಿ ಬಸ್ ಚಾರ್ಜಿಗೆ ಮೊದಲ ಸ್ಥಾನ ಕೊಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಅಜ್ಜಿಯ ಟಿಕೆಟ್ ಖರ್ಚು ಉಳಿದಿದೆ.

ದಾನ ಕಲಿತ ಪಾಠ

ಆಫ್ರಿಕಾದಲ್ಲೂ ಇಲ್ಲೂ ದಾನಿಗಳಿಗೆ ಮೊದಲು ಹೊಳೆದದ್ದು ಅನಾಥಾಲಯ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಹೆಸರು ಕೆತ್ತಿಸಬಹುದು. ಯಾರೂ ಇಲ್ಲದ ಮಗುವಿಗೆ ಅದು ಬೇಕೇ ಬೇಕು. ಆದರೆ ಕೀನ್ಯಾದ ಅನುಭವ ಬೇರೊಂದು ದಾರಿ ತೋರಿಸಿತು. ನೈರೋಬಿಯಲ್ಲಿ 1992ರಲ್ಲಿ ಸೋಂಕಿತ ಮಕ್ಕಳಿಗಾಗಿ ನ್ಯುಂಬಾನಿ ಎಂಬ ಮನೆ ತೆರೆದ ವೈದ್ಯ ಹಾಗೂ ಪಾದ್ರಿ ಏಂಜೆಲೊ ಡಿ'ಅಗೊಸ್ಟಿನೊ, ಮುಂದೆ ಕಿಟುಯಿ ಎಂಬಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಸಿದರು. ಮಕ್ಕಳನ್ನು ಕಳೆದುಕೊಂಡ ಅಜ್ಜಿಯರೂ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳೂ ಅಲ್ಲಿ ಒಂದೊಂದು ಮನೆಯಲ್ಲಿ ಕೂಡಿ ಬಾಳುತ್ತಾರೆ. ಮಗುವಿಗೆ ಬೇಕಾದದ್ದು ತನ್ನವರೆನ್ನುವ ದೊಡ್ಡವರು ಎಂಬುದನ್ನು ಆ ಹಳ್ಳಿ ಒಪ್ಪಿಕೊಂಡಿತು.

ನಮ್ಮಲ್ಲಿ ಅಂಥ ಅಜ್ಜಿಗೆ ಹಳ್ಳಿ ಕಟ್ಟಬೇಕಿಲ್ಲ. ಅವಳು ಆಗಲೇ ಮಗುವನ್ನು ಮಡಿಲಲ್ಲಿ ಹಾಕಿಕೊಂಡಿದ್ದಾಳೆ. ಅವಳ ಕೈಗೆ ಬಲ ಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ವಿಶೇಷ ಪಾಲನಾ ಯೋಜನೆ ಸೋಂಕಿತ ಹಾಗೂ ಬಾಧಿತ ಮಕ್ಕಳಿಗೆ ತಿಂಗಳ ನೆರವು ಕೊಡುತ್ತದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಕುಟುಂಬದಲ್ಲೇ ಬೆಳೆಯುವ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಉಂಟು. ಶಾಲೆಯಲ್ಲಿ ಬಿಸಿಯೂಟ, ಕ್ಷೀರಭಾಗ್ಯ ಇವೆ. ಆದರೆ ಅರ್ಜಿ ಬರೆಯುವವರಿಲ್ಲದೆ ಇವೆಲ್ಲ ಕಾಗದದಲ್ಲೇ ಉಳಿಯುತ್ತವೆ. ಮರಣಪತ್ರ ಮಾಡಿಸುವುದು, ಬ್ಯಾಂಕ್ ಖಾತೆ ತೆರೆಸುವುದು, ಆಧಾರ್‌ನಲ್ಲಿ ತಪ್ಪಾದ ಹೆಸರು ತಿದ್ದಿಸುವುದು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅಜ್ಜಿಯ ಜೊತೆ ಹೋಗಿ ಕೂರುವುದು: ಸೇವಾಕಾರ್ಯದ ನಿಜವಾದ ದುಡಿಮೆ ಇದು. ಇದರ ಫೋಟೋ ತೆಗೆಯಲು ಏನೂ ಇರುವುದಿಲ್ಲ, ಆದರೆ ತಿಂಗಳ ಅಕ್ಕಿ ಬೇಳೆ ಬರುವುದು ಇದರಿಂದಲೇ.

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ಮಕ್ಕಳ ಪಾಲಿಗೆ ದೊಡ್ಡ ಆಸರೆ. ಸೋಂಕಿನ ಕಾರಣಕ್ಕೆ ಶಾಲೆ, ಆಸ್ಪತ್ರೆ, ಕೆಲಸ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ. ಮಗುವಿನ ಪಾಲಿನ ಆಸ್ತಿಯ ದಾಖಲೆಗಳನ್ನು ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಸುರಕ್ಷಿತವಾಗಿ ಇಡಬಹುದು, ಯಾರಾದರೂ ಆಸ್ತಿ ಕಬಳಿಸಿದರೆ ಅಲ್ಲೇ ದೂರು ಕೊಡಬಹುದು. ಇನ್ನೂ ಮುಖ್ಯವಾದ ಅಂಶವೆಂದರೆ, ತಿಳಿವಳಿಕೆ ಬಂದ 12ರಿಂದ 18 ವರ್ಷದೊಳಗಿನ ಅಕ್ಕ ಅಥವಾ ಅಣ್ಣ ತನ್ನ ತಮ್ಮ ತಂಗಿಯರ ಶಾಲೆಯ ದಾಖಲಾತಿಗೆ, ಬ್ಯಾಂಕ್ ಖಾತೆಗೆ, ಚಿಕಿತ್ಸೆಗೆ ಪೋಷಕರಾಗಿ ಸಹಿ ಹಾಕಬಹುದು. ಅಮ್ಮ ಸತ್ತಮೇಲೆ ಮನೆ ನಡೆಸುತ್ತಿದ್ದ ಹದಿನಾಲ್ಕರ ಹುಡುಗಿಯನ್ನು ಕಾನೂನು ಮೊದಲ ಬಾರಿಗೆ ಮನೆಯ ಹಿರಿಯಳೆಂದು ಒಪ್ಪಿತು.

ತಬ್ಬಲಿತನವನ್ನೇ ತಡೆದ ಕೆಲಸ

ಏಆರ್‌ಟಿ ಕೇಂದ್ರ ಈ ಊರುಗಳಿಗೆ ಮಾಡಿದ ಅತಿ ದೊಡ್ಡ ಉಪಕಾರ ತಾಯಂದಿರನ್ನು ಬದುಕಿಸಿದ್ದು. ಮಾತ್ರೆ ನುಂಗುತ್ತಿರುವ ತಾಯಿ ಗಾರೆ ಕೆಲಸಕ್ಕೆ ಹೋಗುತ್ತಾಳೆ, ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುತ್ತಾಳೆ, ಮೊಮ್ಮಗುವನ್ನೂ ಎತ್ತಿಕೊಳ್ಳುತ್ತಾಳೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ನೂರು ಸೋಂಕಿತ ಗರ್ಭಿಣಿಯರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಸೋಂಕು ತಗುಲುತ್ತದೆ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಬಸುರಿಯನ್ನು ಮೊದಲ ತಿಂಗಳುಗಳಲ್ಲೇ ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರಕ್ಕೆ ಕರೆದೊಯ್ಯುವ ಆಶಾ ಕಾರ್ಯಕರ್ತೆಯ ಕೆಲಸ ಈ ಅಂಕಿಯ ಹಿಂದಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದಮೇಲೆ ಈ ದಾರಿ ಇನ್ನೂ ಅಗಲವಾಯಿತು.

ಅಂದು ಅಜ್ಜಿಯ ಸೊಂಟದ ಮೇಲೆ ಕೂತು ಬಂದ ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ, ಗ್ಯಾರೇಜು, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತಿದ್ದಾರೆ. ಅವರೆದುರು ಹೊಸ ಪ್ರಶ್ನೆಗಳಿವೆ. 18 ತುಂಬಿದ ದಿನ ಮಕ್ಕಳ ಯೋಜನೆಗಳ ನೆರವು ನಿಲ್ಲುತ್ತದೆ. ಹಾಸ್ಟೆಲಿನಲ್ಲಿ ರಾತ್ರಿ ಮಾತ್ರೆ ಎಲ್ಲಿಡುವುದು? ಮದುವೆಯ ಮಾತು ಬಂದಾಗ ಯಾರಿಗೆ ಹೇಳುವುದು, ಯಾವಾಗ ಹೇಳುವುದು? ಹದಿಹರೆಯದಲ್ಲಿ ಮಾತ್ರೆ ಬಿಡುವವರು ಹೆಚ್ಚು. ನನಗೇ ಯಾಕೆ ಎಂಬ ಸಿಟ್ಟು ಆ ವಯಸ್ಸಿಗೆ ಸಹಜ. ಅಜ್ಜಿಯೂ ಈಗ ಮುದುಕಿಯಾಗಿದ್ದಾಳೆ. ಮುಂದಿನ ದಶಕದ ದಾನ ಹರಿಯಬೇಕಾದದ್ದು ಇಲ್ಲಿಗೆ: ಡಿಪ್ಲೊಮಾ, ನರ್ಸಿಂಗ್, ಐಟಿಐ ಶುಲ್ಕಕ್ಕೆ, ಮೊದಲ ಕೆಲಸ ಸಿಗುವವರೆಗಿನ ಬಾಡಿಗೆಗೆ, ಮಾತಾಡಲು ಒಬ್ಬ ಅಣ್ಣನೋ ಅಕ್ಕನೋ ಸಿಗುವ ಏರ್ಪಾಟಿಗೆ.

ಈ ಸಂಚಿಕೆ ಓದುವ ಶಿವಮೊಗ್ಗ, ಭದ್ರಾವತಿಯ ಸಹೃದಯರಲ್ಲಿ ಒಂದು ವಿನಂತಿ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರಂದು ಒಂದು ದಿನದ ಸಿಹಿಯೂಟಕ್ಕೆ ಕೊಡುವ ಹಣವನ್ನು ಹನ್ನೆರಡು ತಿಂಗಳಿಗೆ ಹಂಚಿ ಕೊಡಿ. ಮಕ್ಕಳನ್ನು ವೇದಿಕೆಗೆ ಕರೆಯಬೇಡಿ, ಅವರ ಫೋಟೋ ಹಾಕಬೇಡಿ; ಅವರ ಗುರುತು ಹೊರಗೆಡಹುವುದನ್ನು ಕಾನೂನೂ ಒಪ್ಪುವುದಿಲ್ಲ. ಅಂಗಡಿಯವರು, ಗುತ್ತಿಗೆದಾರರು, ಕಾರ್ಖಾನೆಯವರು ಒಬ್ಬೊಬ್ಬ ಯುವಕ ಯುವತಿಗೆ ಕೆಲಸ ಕೊಡುವ ಮಾತು ಕೊಡಿ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ಪ್ರಶ್ನೆ ಕೇಳದೆ ಅರ್ಧ ದಿನ ರಜೆ ಕೊಡಿ. ಮಾತ್ರೆ ಕೊಡುವ ಭಾರವನ್ನು ಸರ್ಕಾರ ಎರಡು ದಶಕ ಹೊತ್ತಿದೆ. ಆ ಮಾತ್ರೆಯನ್ನು ಅಂಜಿಕೆಯಿಲ್ಲದೆ, ಎಲ್ಲರೆದುರಿನಲ್ಲಿ ನುಂಗಬಲ್ಲ ಊರನ್ನು ಕಟ್ಟುವ ಭಾರ ನಮ್ಮದು.