ಹಿಮಸಾಗರದಲ್ಲಿ ಆಪ್ತವಾಕ್ಯ

ಭೂಗೋಲದ ಉತ್ತರಾಗ್ರದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ಇರುಳೆಂಬುದನ್ನು ನಮ್ಮ ಸೂರ್ಯಸಿದ್ಧಾಂತಕಾರನು ಮೇರುವಾಸಿಗಳ ಪ್ರಸಂಗದಲ್ಲಿ ಹೇಳಿರುವನು. ಆದರೆ ಆ ಇರುಳಿನಲ್ಲಿ ಬದುಕುವ ಬಗೆಯನ್ನು ಗಣಿತವು ಕಲಿಸಲಾರದು. ಅಲ್ಲಿ ಬಾಳಿದವರ ಬಾಯಿಂದಲೇ ಅದನ್ನು ತಿಳಿಯಬೇಕು. ಹಾಗೆ ತಿಳಿಯದೆ ಹೋದವರಿಗೆ ಒದಗಿದ ಗತಿಗೆ ಇತಿಹಾಸದಲ್ಲಿ ಒಂದು ನಿದರ್ಶನವುಂಟು.

ಕೆನಡಾದ ಉತ್ತರದ ದ್ವೀಪಗಳ ನಡುವೆ ಹಾದು ಪೆಸಿಫಿಕ್ ಸಾಗರವನ್ನು ಸೇರುವ ಜಲಮಾರ್ಗವನ್ನು ಕಂಡುಹಿಡಿಯಬೇಕೆಂಬುದು ಆಂಗ್ಲರ ಬಹುಕಾಲದ ಹಂಬಲವಾಗಿದ್ದಿತು. 1845ನೆಯ ಇಸವಿಯ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ನನ ನಾಯಕತ್ವದಲ್ಲಿ ‘ಎರೆಬಸ್’, ‘ಟೆರರ್’ ಎಂಬ ಎರಡು ನೌಕೆಗಳು ಹೊರಟವು. ಉಗಿಯಂತ್ರ, ತಗಡಿನ ಡಬ್ಬಿಗಳಲ್ಲಿ ತುಂಬಿದ ಆಹಾರ, ಗ್ರಂಥಭಂಡಾರ, ಯಾವುದಕ್ಕೂ ಕೊರತೆಯಿರಲಿಲ್ಲ. ಗ್ರೀನ್‌ಲೆಂಡನ್ನು ಬಿಟ್ಟು ಮುಂದೆ ಹೋದವರು 129 ಮಂದಿ. ಅವರಲ್ಲಿ ಒಬ್ಬನೂ ಹಿಂದಿರುಗಲಿಲ್ಲ.

1846ನೆಯ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಬಳಿ ಹಿಮವು ನೌಕೆಗಳನ್ನು ಹಿಡಿದುಕೊಂಡಿತು; ಮರುವರ್ಷ ಬೇಸಗೆ ಬಂದರೂ ಬಿಡಲಿಲ್ಲ. 1847ನೆಯ ಜೂನ್ 11ರಂದು ಫ್ರಾಂಕ್ಲಿನ್ನನು ತೀರಿಕೊಂಡನು. 1848ನೆಯ ಏಪ್ರಿಲಿನಲ್ಲಿ ಉಳಿದ 105 ಮಂದಿ ನೌಕೆಗಳನ್ನು ತೊರೆದು, ದೋಣಿಗಳನ್ನು ಜಾರುಬಂಡಿಗಳ ಮೇಲೇರಿಸಿ ತಾವೇ ಎಳೆಯುತ್ತ ದಕ್ಷಿಣಾಭಿಮುಖವಾಗಿ ನಡೆದು, ದಾರಿಯಲ್ಲಿ ಒಬ್ಬೊಬ್ಬರಾಗಿ ಮಡಿದರು.

ಅದೇ ಸೀಮೆಯಲ್ಲಿ ಇನ್ಯುಯಿಟ್ ಜನರು ಮಕ್ಕಳುಮರಿಯೊಡನೆ ಸಂಸಾರ ಮಾಡುತ್ತಿದ್ದರು. ಹಿಮದ ಗಟ್ಟಿಗಳನ್ನು ಕೊಯ್ದು ಕಟ್ಟಿದ ಮನೆ. ಒಳಗಿನದರ ರೋಮ ಮೈಗೆ ತಾಗುವಂತೆ, ಹೊರಗಿನದರ ರೋಮ ಹೊರಕ್ಕಿರುವಂತೆ ತೊಟ್ಟ ಎರಡು ಪದರದ ಜಿಂಕೆದೊಗಲಿನ ಉಡುಪು. ಸೀಲ್ ಪ್ರಾಣಿಯ ಕೊಬ್ಬಿನಿಂದ ಉರಿಯುವ ದೀಪ. ಕಾಯಿಪಲ್ಲೆಯಿಲ್ಲದ ಆ ನಾಡಿನಲ್ಲಿ ಹಸಿಮಾಂಸವೇ ಸ್ಕರ್ವಿ ರೋಗಕ್ಕೆ ಔಷಧ. ನೂರಾರು ಮಂದಿಯ ಗುಂಪನ್ನು ಆ ಬಡನೆಲವು ಸಾಕಲಾರದೆಂಬುದೂ ನಿಜವೇ.

1854ರಲ್ಲಿ ಜಾನ್ ರೇ ಎಂಬ ವೈದ್ಯನು ಇನ್ಯುಯಿಟರಿಂದ ವೃತ್ತಾಂತವನ್ನು ಕೇಳಿದನು: ಬಿಳಿಯರು ಹಸಿವಿನಿಂದ ಸತ್ತರು, ಕಡೆಗೆ ನರಮಾಂಸವನ್ನೂ ತಿಂದರು. ಅವರಲ್ಲಿದ್ದ ಬೆಳ್ಳಿಯ ಚಮಚಗಳನ್ನೂ ಕೊಂಡುತಂದನು. ಇಂಗ್ಲೆಂಡು ಕೆರಳಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ತನ್ನ ವಾರಪತ್ರಿಕೆಯಲ್ಲಿ, ಕಾಡುಜನರ ಮಾತು ನಂಬತಕ್ಕುದಲ್ಲವೆಂದೂ ಅವರೇ ಕೊಂದಿರಬಹುದೆಂದೂ ಬರೆದನು. ಕಾಲವು ತೀರ್ಪಿತ್ತಿತು. ಕಳೆದ ಶತಮಾನದ ಅಂತ್ಯದಲ್ಲಿ ಪರೀಕ್ಷಿಸಿದ ಅಸ್ಥಿಗಳ ಮೇಲೆ ಚೂರಿಯ ಗೀರುಗಳು ಕಂಡವು. 2014ರಲ್ಲಿ ‘ಎರೆಬಸ್’ ನೌಕೆಯು ಇನ್ಯುಯಿಟರ ಹಿರಿಯರು ಪರಂಪರೆಯಿಂದ ಹೇಳುತ್ತ ಬಂದ ಕಡೆಯಲ್ಲಿಯೇ ಸಮುದ್ರತಳದಲ್ಲಿ ದೊರೆಯಿತು; 2016ರಲ್ಲಿ ಇನ್ಯುಯಿಟನೊಬ್ಬನು ಕೊಟ್ಟ ಸುಳಿವಿನಿಂದ ‘ಟೆರರ್’ ದೊರೆಯಿತು.

ನಾರ್ವೆಯ ಅಮುಂಡ್ಸೆನ್ನನಾದರೋ 1903ರಲ್ಲಿ ಆರು ಮಂದಿ ಸಂಗಡಿಗರೊಡನೆ ಸಣ್ಣ ಹಡಗಿನಲ್ಲಿ ಹೊರಟು, ಅದೇ ದ್ವೀಪದಲ್ಲಿ ಎರಡು ಚಳಿಗಾಲಗಳನ್ನು ಕಳೆದನು. ಅಲ್ಲಿಯ ಜನರಿಂದ ಉಡುಪನ್ನೂ ನಾಯಿಬಂಡಿಯ ವಿದ್ಯೆಯನ್ನೂ ಕಲಿತು, 1906ರಲ್ಲಿ ಆ ಮಾರ್ಗವನ್ನು ಪೂರೈಸಿದನು.

ವಸ್ತುವನ್ನು ಸಾಕ್ಷಾತ್ತಾಗಿ ಅರಿತು ಅರಿತಂತೆ ನುಡಿಯುವವನೇ ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂಬುದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತ. ನುಡಿದವನ ಕುಲವನ್ನು ನೋಡಿ ಸಾಕ್ಷ್ಯವನ್ನು ತೂಗಿದುದರಿಂದ ಸತ್ಯವು 160 ವರ್ಷ ನೀರಿನಡಿಯಲ್ಲಿ ಕಾದಿರಬೇಕಾಯಿತು. ಇತಿಹಾಸವನ್ನು ಬರೆಯುವವರೂ ಓದುವವರೂ ಇದನ್ನು ಮರೆಯಲಾಗದು.